ರೇಡಿಯೋಕ್ಕೆ ಹಚ್ಚಿದ ಗಿಟಾರು

ಕರೆಂಟು ಹೋದದ್ದು ಹತ್ತೂವರೆಗೆ. ನಾನು ಶ್ರೀರಾಮುಲುವಿನ ವಾದ್ಯದ ಅಂಗಡಿಯ ಮೆಟ್ಟಿಲು ಹತ್ತಿದ್ದು ಹತ್ತು ಮೂವತ್ತೈದಕ್ಕೆ. ಆ ಐದು ನಿಮಿಷ ತಿಂದದ್ದು ಒಂದು ಬೆಕ್ಕು. ಮನೆಯಿಂದ ಹೊರಡುವಾಗ ಅದು ಅಡ್ಡ ಬಂತೆಂದು ನಮ್ಮ ಸೋದರತ್ತೆ ಮಥುರಾಬಾಯಿ ಒಳಗೆ ತಿರುಗಿ ಹೋಗಿ, ಕೂತು, ಒಂದು ಗುಟುಕು ನೀರು ಕುಡಿದು, ದೇವರಿಗೆ ಇನ್ನೊಮ್ಮೆ ಕೈ ಮುಗಿದು ಬಂದಳು. ಅಷ್ಟು ಹೊತ್ತೂ ನಾನು ಬೀದಿಯಲ್ಲಿ ನಿಂತು ಬೆಕ್ಕನ್ನು ಬೈಯುತ್ತಿದ್ದೆ. ಅತ್ತೆಯನ್ನು ಬೈಯುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ.

"ಕರೆಂಟ್ ಯಾವಾಗ ಬರ್ತದ?" ಎಂದು ಚಪ್ಪಲಿ ಬಿಡುವ ಮೊದಲೇ ಕೇಳಿದೆ.

"ಪೋಯಿಂದಿ ಸಾರ್," ಎಂದ ಶ್ರೀರಾಮುಲು, ಹಾರ್ಮೋನಿಯಮ್ಮಿನ ತಿದಿಗೆ ಅಂಟು ಹಚ್ಚುತ್ತ. "ಹೋದದ್ದು ನನಗ ಗೊತ್ತು. ಬರೋದು ಆ ದೇವುಡಿಗೇ ಗೊತ್ತು. ಕೂಡ್ರಿ."

ಕೂಡುವುದು ನನ್ನಿಂದ ಆಗದ ಕೆಲಸ. ಸಿನಿಮಾದಲ್ಲಿ ಇಂಟರ್‌ವಲ್ಲಿಗೆ ಮೊದಲೇ ಎದ್ದು ಬಾಗಿಲ ಹತ್ತಿರ ನಿಲ್ಲುವವನು ನಾನು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿದು ಎರಡು ಸಲ ಮೊಣಕಾಲು ಒಡೆದುಕೊಂಡಿದ್ದೇನೆ. ಹೆಸರು ಪ್ರಹ್ಲಾದ, ಗೆಳೆಯರ ಬಾಯಲ್ಲಿ ಪಲ್ಲಾದ. ಆದೋನಿಯ ಹತ್ತಿ ಮಾರುಕಟ್ಟೆಯ ಆಫೀಸಿನಲ್ಲಿ ಗುಮಾಸ್ತ. ಅದು ಹೊಟ್ಟೆಪಾಡಿಗೆ. ಜೀವ ಇದ್ದದ್ದು ಮಾತ್ರ ಗಿಟಾರಿನಲ್ಲಿ.

ಆರು ವರ್ಷದಿಂದ ನಾನು ಬಜಾರಪ್ಪನ ಆರ್ಕೆಸ್ಟ್ರಾದಲ್ಲಿ ಗಿಟಾರು ನುಡಿಸುತ್ತಿದ್ದೆ, ಮತ್ತು ಆ ಆರು ವರ್ಷದಲ್ಲಿ ಒಬ್ಬ ನರಮನುಷ್ಯನಿಗೂ ನನ್ನ ಗಿಟಾರು ಕೇಳಿಸಿರಲಿಲ್ಲ. ಮಾತಿಗೆ ಹೇಳುತ್ತಿಲ್ಲ. ನಮ್ಮ ಹತ್ತಿರ ಇದ್ದದ್ದು ಎರಡೇ ಮೈಕು, ಎರಡೂ ಹಾಡುವವರ ಬಾಯಿಗೆ. ಎಮ್ಮಿಗನೂರಿನ ಒಂದು ಮದುವೆಯಲ್ಲಿ ಯಾರೋ ನಮ್ಮ ಕಾರ್ಯಕ್ರಮವನ್ನು ಟೇಪು ಮಾಡಿದ್ದರು. ಅದನ್ನು ಬೇಡಿ ತಂದು, ಟೇಪ್‌ರೆಕಾರ್ಡರಿನ ಡಬ್ಬಿಗೆ ಕಿವಿ ಹಚ್ಚಿ, ನಾಲ್ಕು ಸಲ ತಿರುವಿ ಕೇಳಿದೆ. ಹಾಡು ಇದೆ, ಡ್ರಮ್ಮು ಇದೆ, ಒಂದು ಕೂಸು ಅಳುವುದು ಇದೆ, "ಮಜ್ಜಿಗಿ, ಮಜ್ಜಿಗಿ" ಎಂದು ಬಡಿಸುವವನು ಕೂಗುವುದೂ ಇದೆ. ನಾನಿಲ್ಲ. ಆ ಮದುವೆಯ ಫೋಟೋದಲ್ಲಿ ಇದ್ದೇನೆ, ಟೇಪಿನಲ್ಲಿ ಇಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಇದಕ್ಕೆಲ್ಲ ಕಾರಣ ಬಜಾರಪ್ಪ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಡ್ರಮ್ಮು ಬಡಿಯುವವನು ಅವನೇ. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಫಿಟ್ಟರು, ಚಡ್ಡಿ ಹಾಕುವ ಕಾಲದಿಂದ ನನ್ನ ಗೆಳೆಯ. ಇರುವೆಗೂ ದಾರಿ ಬಿಡುವ ಮೆತ್ತನೆಯ ಮನುಷ್ಯ. ಡ್ರಮ್ಮಿನ ಹಿಂದೆ ಕೂತರೆ ಮಾತ್ರ ಹಿಂದಿನ ಜನ್ಮದ ಹಗೆ ತೀರಿಸುವವನ ಹಾಗೆ ಬಡಿಯುತ್ತಿದ್ದ. ಅದೂ ಎಲ್ಲ ಕಡೆ ಅಲ್ಲ. ಹಾಡಿನ ನಡುವೆ ನನ್ನ ಕೈಗೆ ಹುರುಪು ಬಂತೋ, ಸರಿಯಾಗಿ ಅಲ್ಲಿಯೇ.

ಆ ವಾರದ ಭಾನುವಾರ ಪತ್ತಿಕೊಂಡದಲ್ಲಿ ಮದುವೆ ಇತ್ತು. ಹುಡುಗಿಯ ತಂದೆ ಕೃಷ್ಣಮೂರ್ತಿಯವರು, ಹೈಸ್ಕೂಲಿನ ಹೆಡ್‌ಮಾಸ್ತರು, ವೀಳ್ಯ ಕೊಟ್ಟು ನಮ್ಮನ್ನು ಗೊತ್ತು ಮಾಡುವಾಗ ಒಂದು ಮಾತು ಹೇಳಿದ್ದರು: "ಸಿನಿಮಾ ಹಾಡು ಎಷ್ಟಾದರೂ ಹಾಡ್ರಿ. ನಡುವ ಒಂದು ದಾಸರ ಪದ ಬರೀ ಗಿಟಾರಿನಾಗ ಆಗಲಿ. ನಮ್ಮ ಪ್ರಹ್ಲಾದ ನುಡಿಸಲಿ." ಬರೀ ಗಿಟಾರು! ನಾಲ್ಕು ನಿಮಿಷ, ನಾನೊಬ್ಬನೇ. ಅದಕ್ಕೆ ನನ್ನ ಹಳೆಯ ಗಿಟಾರು ಸಾಲದು. ಹೋದ ಬೇಸಗೆಯಲ್ಲಿ ಅದರ ಹೊಟ್ಟೆ ಬಿರುಕು ಬಿಟ್ಟಿತ್ತು, ಇದ್ದ ಅಷ್ಟಿಷ್ಟು ದನಿಯೂ ಅದರಲ್ಲಿ ಸೋರಿಹೋಗಿತ್ತು. ನನಗೆ ಕರೆಂಟಿನದೇ ಬೇಕಾಗಿತ್ತು. ಮರದ ಗಿಟಾರೇ, ಆದರೆ ತಂತಿಯ ಕೆಳಗೆ ಪಿಕಪ್ ಕೂಡಿಸಿದ್ದು. ವೈರು ಸಿಕ್ಕಿಸಿದರೆ ಊರಿಗೇ ಕೇಳಿಸುವಂಥದ್ದು.

ಈ ಸುದ್ದಿ ಹೇಳಿದರೆ ಬಜಾರಪ್ಪ ಕುಣಿದಾಡುತ್ತಾನೆ ಎಂದುಕೊಂಡಿದ್ದೆ. ಅವನು ತಲೆ ಕೆರೆದುಕೊಂಡ. "ಇದ್ದ ಗಿಟಾರೇ ಸಾಕಲ್ಲೋ ಪಲ್ಲಾದ. ಅದನ್ನ ರಿಪೇರಿ ಮಾಡಿಸೋಣು, ನಿನ್ನ ಮುಂದ ಒಂದು ಮೈಕ್ ಇಡೋಣು. ಕರೆಂಟಿಂದು ಯಾಕ ಬೇಕು?" ಎಂದ. ಹೊಟ್ಟೆಕಿಚ್ಚು ಅಂದರೆ ಇದೇ ಎಂದು ಅಲ್ಲಿಂದ ಎದ್ದು ಬಂದೆ.

ಶ್ರೀರಾಮುಲು ಗಾಜಿನ ಕಪಾಟಿನಿಂದ ಎರಡು ಗಿಟಾರು ತೆಗೆದು ಚಾಪೆಯ ಮೇಲೆ ಮಲಗಿಸಿದ. ಎರಡೂ ಮದರಾಸಿನಿಂದ ಬಂದವು, ಎರಡಕ್ಕೂ ಪಿಕಪ್ ಇತ್ತು. ಒಂದು ಕೆಂಪು, ಅಂಚಿಗೆ ಕಪ್ಪು, ಮೈ ಕನ್ನಡಿಯ ಹಾಗೆ. ನೋಡಿದ ಕೂಡಲೇ ಪತ್ತಿಕೊಂಡದ ಪೆಂಡಾಲಿನಲ್ಲಿ ನಾನು ಅದನ್ನು ಹಾಕಿಕೊಂಡು ನಿಂತದ್ದು ಕಣ್ಣಿಗೆ ಕಟ್ಟಿತು. ಇನ್ನೊಂದು ಗೋಧಿ ಬಣ್ಣದ್ದು, ಮಡಿವಂತರ ಮನೆಯ ಹೆಣ್ಣಿನ ಹಾಗೆ ಯಾವ ಶೃಂಗಾರವೂ ಇಲ್ಲದ್ದು.

"ಚೂಡಂಡಿ ಸಾರ್, ನೋಡ್ರಿ, ಸಾವಕಾಶ ನೋಡ್ರಿ," ಎಂದ ಶ್ರೀರಾಮುಲು. "ಆದರ ಒಂದು ಮಾತು. ಸಾಯಂಕಾಲದ ರೈಲುಬಂಡಿಗೆ ಗುಂತಕಲ್ಲಿನ ಪಾರ್ಟಿ ಬರ್ತಾರ. ನೀವು ಬಿಟ್ಟದ್ದು ಅವರಿಗೆ."

ಅತ್ತೆ ಒಂದು ಮಣೆ ಎಳೆದುಕೊಂಡು ಕೂತಳು. ಗೋಡೆಯ ಮೇಲಿನ ಪಂಚಾಂಗದ ಕ್ಯಾಲೆಂಡರು ನೋಡಿದಳು, ಗಡಿಯಾರ ನೋಡಿದಳು. "ಇವತ್ತು ಗುರುವಾರ. ಒಂದೂವರೆಗೆ ರಾಹುಕಾಲ ಹತ್ತತದ. ತಗೊಳೋದಾದರ ಅದರೊಳಗ ತಗೋ. ಆಮ್ಯಾಲೆ ಮೂರರ ತನಕ ಮಾತಾಡಂಗಿಲ್ಲ."

ನನ್ನ ಅರ್ಧ ದಿನದ ರಜೆ ಎರಡು ಗಂಟೆಗೆ ಮುಗಿಯುತ್ತಿತ್ತು. ಅಂದರೆ ಒಂದೂವರೆಯ ಒಳಗೆ ಕರೆಂಟು ಬರಬೇಕು, ಎರಡನ್ನೂ ಹಚ್ಚಿ ಕೇಳಬೇಕು, ಒಂದನ್ನು ಆರಿಸಬೇಕು. ಅತ್ತೆಯನ್ನು ಯಾಕೆ ಕರೆತಂದೆ ಎಂದು ಕೇಳಬೇಡಿ. ನಮ್ಮ ಮನೆಗೆ ಆಕೆಯ ಕೈ ಮುಟ್ಟದೆ ಹೊಸ ಪೊರಕೆಯೂ ಬರುವುದಿಲ್ಲ. ಮೇಲಾಗಿ ಆಕೆಯೇ ಹೇಳಿದ್ದಳು: "ಪದ ನನ್ನ ಬಾಯಿಂದ ಕಲ್ತೀ. ಹೊಸಾ ಗಿಟಾರಿನಾಗ ಅದು ಹೆಂಗ ಕೇಳಸ್ತದೋ ನಾ ನೋಡಬೇಕು."

ಅದು ನಿಜ. ಗಿಟಾರಿನ ಕೈ ನನಗೆ ಕಲಿಸಿದ್ದು ಗುಂತಕಲ್ಲಿನ ಒಬ್ಬ ರೈಲ್ವೆ ಗಾರ್ಡು, ಭಾನುವಾರಗಳಲ್ಲಿ. ಪದ ಕಲಿತದ್ದು ಮಾತ್ರ ಅತ್ತೆಯಿಂದ. ಆಕೆ ಕಲಿಸಿದ್ದಲ್ಲ, ಕಿವಿಗೆ ಬಿದ್ದದ್ದು. ನಮ್ಮ ಮನೆಗೆ ಗಡಿಯಾರ ಬರುವ ಮೊದಲು ಅತ್ತೆಯ ಪದವೇ ಗಡಿಯಾರ. ರಂಗೋಲಿ ಹಾಕುವಾಗ ಪಲ್ಲವಿ. ಮಡಿ ಉಟ್ಟು ಒಲೆ ಹೊತ್ತಿಸುವಾಗ ಮೊದಲ ನುಡಿ. ಎರಡನೆಯ ನುಡಿಗೆ ಬೇಳೆ ಬೆಂದಿರಬೇಕು. ಮೂರನೆಯದಕ್ಕೆ ಅನ್ನ ಉಕ್ಕುತ್ತದೆ. ಕೊನೆಗೆ ದಾಸರ ಅಂಕಿತ ಬಂತೆಂದರೆ ನೈವೇದ್ಯವಾಯಿತು, ಎಲೆ ಹಾಕಿದರು, ಅಪ್ಪ ಆಫೀಸಿಗೆ ಹೊರಡಬಹುದು ಎಂದು ಅರ್ಥ. ಇಪ್ಪತ್ತು ವರ್ಷ ದಿನಾ ಕೇಳಿದ ಮೇಲೆ ನಿದ್ದೆಯಿಂದ ಎಬ್ಬಿಸಿ ಯಾವ ನುಡಿ ಕೇಳಿದರೂ ನನ್ನ ಬೆರಳು ನುಡಿಸುತ್ತಿದ್ದವು.

ಕರೆಂಟಿಲ್ಲದೆಯೇ ಕೆಂಪು ಗಿಟಾರು ಎತ್ತಿಕೊಂಡು, ಭಾನುವಾರ ನುಡಿಸಬೇಕಾಗಿದ್ದ ಅತ್ತೆಯ ಆ ಪದವನ್ನೇ ನುಡಿಸಿದೆ. ಚುರುಕು ದನಿ, ಕೈ ಇಟ್ಟಲ್ಲಿ ಹುಟ್ಟಿ ಕೈ ತೆಗೆದಲ್ಲಿ ಮುಗಿಯುವಂಥದ್ದು. ಅತ್ತೆಯ ಬಲಗೈ ತಾನಾಗಿ ಮೊಣಕಾಲಿನ ಮೇಲೆ ತಾಳ ಹಾಕತೊಡಗಿತು. ಪದ ಕಿವಿಗೆ ಬಿದ್ದರೆ ಆ ಕೈ ಸುಮ್ಮನಿರುವುದಿಲ್ಲ. ಆದರೆ ಎರಡನೆಯ ನುಡಿಯ ಹೊತ್ತಿಗೆ ಅದು ನಿಂತು, ಸೆರಗು ಸರಿ ಮಾಡುವ ಕೆಲಸಕ್ಕೆ ಹೋಯಿತು. ನಾನು ನೋಡಿದೆ. ಆಕೆಗೆ ಬೇಸರ ಬಂದಿರಬೇಕು ಅಂದುಕೊಂಡೆ.

ಗೋಧಿ ಬಣ್ಣದ್ದನ್ನು ಎತ್ತಿಕೊಂಡೆ. ಒಂದು ತಂತಿ ಮೀಟಿದರೆ ಅದರ ದನಿ ಹೋಗುವುದೇ ಇಲ್ಲ, ಆಳದ ಬಾವಿಯಲ್ಲಿ ಕೊಡ ಮುಳುಗಿದ ಹಾಗೆ ಗುಂಯ್ ಅನ್ನುತ್ತಲೇ ಇರುತ್ತದೆ. ಪಲ್ಲವಿ ಚೆನ್ನಾಗಿಯೇ ಬಂತು. ಮುಂದೆ ಹೋದ ಹಾಗೆ ಒಂದು ಸ್ವರದ ಮೇಲೆ ಇನ್ನೊಂದು ಬಿದ್ದು, ಮೂರನೆಯ ನುಡಿಗೆ ಬರುವಾಗ ಎಲ್ಲ ಕಲಸಿ ಗೊಜ್ಜಾಯಿತು.

"ಇದರಾಗ ಏನೋ ದೋಷ ಅದ," ಎಂದು ಕೆಳಗಿಟ್ಟೆ.

"ದೋಷ ಎಲ್ಲಿ ಬಂತು? ನಾದ ನಿಲ್ತದ," ಎಂದಳು ಅತ್ತೆ. "ನಂಗ ಇದೇ ಛಲೋ ಅನ್ನಸ್ತು."

"ನಿಂತರ ಏನು ಮಾಡ್ಲಿ ಅತ್ತಿ? ಮುಂದಿನ ಸ್ವರ ಬರಬೇಕಲ್ಲ!"

"ಅದು ಹೋಗೋ ತನಕ ತಡೀ."

"ಪದಕ್ಕ ತಡಿಯೋಕ ಪುರಸೊತ್ತು ಇರಬೇಕಲ್ಲ."

ಅತ್ತೆ ನಕ್ಕಳು. "ಕುಣೀಲಾರದವ ನೆಲ ಡೊಂಕು ಅಂದನಂತ."

ನನಗೆ ಸಿಟ್ಟು ಬಂತು. ಎದ್ದು ಬೀದಿಗೆ ಇಳಿದೆ. ಮೂಲೆಯ ಹೋಟೆಲಿನ ಫ್ಯಾನು ನೋಡಿದೆ, ನಿಂತಿತ್ತು. ಎದುರಿನ ಹಿಟ್ಟಿನ ಗಿರಣಿಯ ಮುಂದೆ ಹೆಂಗಸರು ಜೋಳದ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಅವರ ಮುಖ ನೋಡಿದರೆ ಕರೆಂಟು ಈ ವಾರ ಬರುವ ಹಾಗಿರಲಿಲ್ಲ. ಚಹಾ ಕುಡಿದೆ. ತಿರುಗಿ ಬಂದೆ. ಹನ್ನೊಂದೂ ಹತ್ತು. ಮತ್ತೆ ಹೋದೆ, ಮತ್ತೆ ಚಹಾ ಕುಡಿದೆ, ಸಬ್‌ಸ್ಟೇಷನ್ನಿನ ಕಡೆಯಿಂದ ಬಂದ ಒಬ್ಬ ಸೈಕಲ್ಲಿನವನನ್ನು ನಿಲ್ಲಿಸಿ ಕೇಳಿದೆ. "ಲೈನ್ ಮ್ಯಾಲೆ ಮನಿಷಿ ಅದಾನ್ರಿ" ಎಂದ. ಕಂಬ ಹತ್ತಿದವನು ಇಳಿದನೋ ಇಲ್ಲವೋ ಸೈಕಲ್ಲಿನವನಿಗೂ ಗೊತ್ತಿರಲಿಲ್ಲ. ಹನ್ನೆರಡಾಯಿತು. ಹನ್ನೆರಡೂವರೆ ಆಯಿತು. ಅಂಗಡಿಯಲ್ಲಿ ಅತ್ತೆ ಶ್ರೀರಾಮುಲುವಿನ ಹೆಂಡತಿಯ ಮಂಡಿನೋವಿಗೆ ಔಷಧ ಹೇಳುತ್ತ ಕೂತಿದ್ದಳು. ಗುರುವಾರ ಒಪ್ಪೊತ್ತು ಮಾಡುವವಳು, ಬಾಯಿಗೆ ನೀರು ಬಿಟ್ಟರೆ ಏನೂ ಇಲ್ಲ. ಆದರೂ ಆಕೆಗೆ ಅವಸರ ಇರಲಿಲ್ಲ. ನಾನು ಮೂರನೆಯ ಚಹಾಕ್ಕೆ ಹೋದೆ.

ಒಂದು ಗಂಟೆ ಐದು ನಿಮಿಷಕ್ಕೆ ಗಿರಣಿ ಗುರ್ ಅಂದಿತು. ಹೆಂಗಸರೆಲ್ಲ ಒಟ್ಟಿಗೆ ಎದ್ದರು. ನಾನು ಓಡಿದೆ.

ಶ್ರೀರಾಮುಲುವಿನ ಹತ್ತಿರ ಆಂಪ್ಲಿಫೈಯರು ಇರಲಿಲ್ಲ. ಇದ್ದದ್ದು ಪೆಟ್ಟಿಗೆಯಷ್ಟು ದೊಡ್ಡ ಹಳೆಯ ರೇಡಿಯೋ, ಅದರ ಬೆನ್ನಿಗೆ ಗ್ರಾಮಫೋನು ಹಚ್ಚುವ ತೂತು. ಗಿಟಾರಿನ ವೈರನ್ನು ಅಲ್ಲಿ ಸಿಕ್ಕಿಸಿದ. ಗುಂಡಿ ತಿರುವಿದ. ಏನೂ ಇಲ್ಲ.

"ಏನಾತು?"

"ವಾಲ್ವ್ ಕಾಯಬೇಕು ಸಾರ್. ಕೊಂಚೆಂ ತಡೀರಿ."

ಅದಕ್ಕೂ ತಡೆಯಬೇಕು! ರೇಡಿಯೋದ ಹಿಂದೆ ಸಣ್ಣ ಸಣ್ಣ ಗಾಜಿನ ಬುಡ್ಡಿಗಳು ಒಂದೊಂದಾಗಿ ಕೆಂಪಗಾಗುವುದನ್ನು ಬಗ್ಗಿ ನೋಡುತ್ತ ನಿಂತೆ. ಆಮೇಲೆ ಗುಂಯ್ ಎಂಬ ಸದ್ದು ಬಂತು. ಕೆಂಪು ಗಿಟಾರಿನ ಒಂದು ತಂತಿ ಮುಟ್ಟಿದೆ.

ಆ ದನಿ ಅಂಗಡಿ ತುಂಬಿ ಬೀದಿಗೆ ಹೋಯಿತು. ನನ್ನದು. ನನ್ನ ಬೆರಳಿನದು. ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ಇಡೀ ಪದ ನುಡಿಸಿದೆ. ಬುಟ್ಟಿ ಹೊತ್ತ ಹೆಂಗಸೊಬ್ಬಳು ನಿಂತಳು. ಹತ್ತಿಯ ಅಂಡಿಗೆ ಹೇರಿದ ಬಂಡಿಯವನು ಎತ್ತು ನಿಲ್ಲಿಸಿದ. ಜನ ನನ್ನನ್ನು ಕೇಳುತ್ತಿದ್ದರು. ಗೋಧಿ ಬಣ್ಣದ್ದಕ್ಕೆ ವೈರು ಬದಲಿಸಿ ನುಡಿಸಿದೆ, ಅದು ಮತ್ತೆ ಗೊಜ್ಜಾಯಿತು, ಇನ್ನೂ ದೊಡ್ಡ ಗೊಜ್ಜು. ಬಿಟ್ಟು ಮತ್ತೆ ಕೆಂಪಿಗೆ ಬಂದೆ. ಇನ್ನೂ ಜೋರಾಗಿ ನುಡಿಸಿದೆ.

ಆಗ ಬಾಗಿಲಲ್ಲಿ ಬಜಾರಪ್ಪ ಕಂಡ. ಮಿಲ್ಲಿನ ಊಟದ ಬಿಡುವಿನಲ್ಲಿ ಬಂದಿದ್ದ, ಕೈಗೆ ಇನ್ನೂ ಗ್ರೀಸು. ಅತ್ತೆಗೆ ನಮಸ್ಕಾರ ಮಾಡಿ, ಶ್ರೀರಾಮುಲುವಿನ ಕಡೆ ಬಗ್ಗಿ ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು: "ಸೌಂಡ್ ಕಮ್ಮಿ ಮಾಡಣ್ಣ. ಜನ ನಿಂತಾರ."

ಆರು ವರ್ಷದ ಸಿಟ್ಟು ಒಂದೇ ಸಲ ಬಾಯಿಗೆ ಬಂತು.

"ಯಾಕ ಕಮ್ಮಿ ಮಾಡಬೇಕೋ? ಆರು ವರ್ಷ ನನ್ನ ದನಿ ಮುಚ್ಚಿಹಾಕೀದಿ. ಇಲ್ಲೂ ಬಿಡಂಗಿಲ್ಲೇನು?"

ಬಜಾರಪ್ಪ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. ಬೀದಿಯ ಜನರನ್ನು ನೋಡಿದ, ಅತ್ತೆಯನ್ನು ನೋಡಿದ. "ಹೊರಗ ಬಾ, ಹೇಳ್ತೀನಿ."

"ಇಲ್ಲೇ ಹೇಳು. ಎಲ್ಲಾರೂ ಕೇಳಲಿ."

"ಹೌದಪ್ಪ, ಮುಚ್ಚೀನಿ," ಎಂದ. ದನಿ ಮಾತ್ರ ಮೆತ್ತಗೇ ಇತ್ತು. "ನೀ ಓಡ್ತೀದಿ ಪಲ್ಲಾದ. ಹಾಡು ಶುರು ಆದಾಗ ಸರಿ ಇರ್ತೀದಿ. ಅರ್ಧಕ್ಕ ಬಂದ್ಯೋ, ತಾಳ ಬಿಟ್ಟು ಮುಂದ ಓಡ್ತೀದಿ. ನೀ ಓಡಿದಾಗ್ಲೆಲ್ಲ ನಾ ಜೋರು ಬಡದೀನಿ, ಯಾರಿಗೂ ಕೇಳಬಾರದು ಅಂತ. ಈಗ ಭಾನುವಾರ ನಾ ಎಲ್ಲಿಂದ ಬಡೀಲಿ? ನೀ ಒಬ್ಬಾವನೇ ಇರ್ತೀದಿ."

ನಾನು ನಕ್ಕೆ. ಕೆಟ್ಟ ನಗು. "ನೀ ಎಳೀತೀ. ನಾ ಓಡೋದಲ್ಲ, ನೀ ತಾಳ ಹಿಂದಕ್ಕ ಎಳೀತೀ. ಬಾ, ಕೂಡು, ನೋಡೇಬಿಡೋಣು."

ಅವನು ಒಂದು ಖಾಲಿ ಮರದ ಪೆಟ್ಟಿಗೆ ಎಳೆದು ಕೂತ. ಎರಡು ಬೆರಳಿನಿಂದ, ಮಗುವಿನ ಬೆನ್ನು ತಟ್ಟಿದ ಹಾಗೆ, ತಟ್ಟತೊಡಗಿದ. ಇವನಿಗೆ ಇಷ್ಟು ಸಣ್ಣಗೆ ಬಾರಿಸಲು ಬರುತ್ತದೆಂದೇ ನನಗೆ ಗೊತ್ತಿರಲಿಲ್ಲ. ನಾನು ಶುರು ಮಾಡಿದೆ. ಪಲ್ಲವಿ ಸರಿಹೋಯಿತು. ಮೊದಲ ನುಡಿ ಸರಿಹೋಯಿತು. ಎರಡನೆಯದರ ನಡುವೆ ಅವನ ಬೆರಳು ಹಿಂದೆ ಉಳಿಯಿತು. ನೋಡಿದೆಯಾ, ಎಳೆಯುತ್ತಾನೆ ಎಂದುಕೊಂಡು, ಸಾಕ್ಷಿಗೆ ಅತ್ತೆಯ ಕಡೆ ನೋಡಿದೆ.

ಅತ್ತೆಯ ಕೈ ಮೊಣಕಾಲಿನ ಮೇಲೆ ತಾಳ ಹಾಕುತ್ತಿತ್ತು. ಆಕೆ ಕಣ್ಣು ಮುಚ್ಚಿದ್ದಳು, ಬಜಾರಪ್ಪನನ್ನು ನೋಡುತ್ತಿರಲಿಲ್ಲ. ಆದರೂ ಆ ಕೈ ಬೀಳುತ್ತಿದ್ದದ್ದು ಅವನ ಬೆರಳಿನ ಜೊತೆ. ಒಂದು ಸಲ ಅಲ್ಲ, ಪ್ರತಿ ಸಲ. ಎರಡು ಕೈ ಒಂದು ಕಡೆ, ನಾನು ಒಂದು ಕಡೆ. ಮೂರನೆಯ ನುಡಿಗೆ ಬರುವಾಗ ಅವರಿಬ್ಬರೂ ಎಲ್ಲೋ ಹಿಂದೆ ಇದ್ದರು. ನಾನೊಬ್ಬನೇ ಬಸ್ಸು ನಿಲ್ಲುವ ಮೊದಲೇ ಇಳಿದವನ ಹಾಗೆ ರಸ್ತೆಯ ಮೇಲೆ ಓಡುತ್ತಿದ್ದೆ, ಮತ್ತು ಆ ಓಟವನ್ನು ರೇಡಿಯೋ ಇಡೀ ಬಜಾರಿಗೆ ಕೇಳಿಸುತ್ತಿತ್ತು. ನನ್ನನ್ನು ನಾನೇ ಕೇಳಿದ್ದು ಅದೇ ಮೊದಲು.

ನನ್ನ ಕೈ ನಿಂತಿತು. ಬಂಡಿಯವನು ಎತ್ತು ಹೊಡೆದುಕೊಂಡು ಹೋದ. ಯಾರೂ ನಗಲಿಲ್ಲ, ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಅತ್ತೆ ಕಣ್ಣು ತೆರೆದಳು. ಆಮೇಲೆ ಕೇಳಿದಳು: "ಬಜಾರಪ್ಪ, ಎಲ್ಲಾ ಹಾಡಿನಾಗೂ ಹಿಂಗೇ ಓಡ್ತಾನೇನು?"

"ಹೌದು ಅಮ್ಮಾರೆ. ಅರ್ಧಕ್ಕ ಬಂದಕೂಡಲೇ. ಮುಕ್ಕಾಲಿಗೆ ಹಿಡಿಯೋಕಾಗಂಗಿಲ್ಲ."

"ಮೂರನೇ ನುಡಿ," ಎಂದಳು ಅತ್ತೆ. "ಅದು ನನ್ನ ಅನ್ನ ಉಕ್ಕೋ ಜಾಗಾ."

ನಮಗೆ ಅರ್ಥವಾಗಲಿಲ್ಲ. ಆಕೆ ನನ್ನ ಕಡೆ ತಿರುಗಿದಳು. ಮುಖ ಸಣ್ಣದಾಗಿತ್ತು. "ನೀ ಕೂಸಿದ್ದಾಗ ಎದ್ದಕೂಡಲೇ ಅಡಿಗಿಮನಿ ಹೊಸ್ತಿಲ ಹೊರಗ ಬಂದು ಕೂಡ್ತಿದ್ದಿ. ಒಳಗ ಮಡಿ, ನಿನ್ನ ಬಿಡ್ತಿದ್ದಿಲ್ಲ. ನಾ ಹಾಡ್ತಿದ್ದೆ, ನೀ ಕೇಳ್ತಿದ್ದಿ. ನಿಮ್ಮಪ್ಪಗ ಹತ್ತು ಗಂಟೆಗೆ ಆಫೀಸು. ಅದರೊಳಗ ನೈವೇದ್ಯ ಆಗಬೇಕು. ಬ್ಯಾಳಿ ಇಳಿಸಿದ ಮ್ಯಾಲೆ ನನ್ನ ಕೈನೂ ಓಡ್ತಿತ್ತು, ಬಾಯಿನೂ ಓಡ್ತಿತ್ತು. ನೀ ಪದ ಕಲ್ತೀ, ಅದರ ಕೂಡ ಓಟಾನೂ ಕಲ್ತೀ." ಬಜಾರಪ್ಪನಿಗೆ ಹೇಳಿದಳು: "ಇದು ಅವನ ತಪ್ಪಲ್ಲಪ್ಪ. ಇದು ನನ್ನ ಓಟ."

ನನಗೆ ಅಳುವೇ ಬಂತು, ಅದನ್ನು ಸಿಟ್ಟು ಮಾಡಿಕೊಂಡೆ. ವೈರು ಕಿತ್ತೆ. ಕೆಂಪು ಗಿಟಾರನ್ನು ಚಾಪೆಯ ಮೇಲಿಟ್ಟೆ. "ಬ್ಯಾಡ. ಯಾವುದೂ ಬ್ಯಾಡ. ಎರಡೂ ಗುಂತಕಲ್ಲಿನವರಿಗೇ ಕೊಡು ಶ್ರೀರಾಮುಲು. ಭಾನುವಾರಕ್ಕ ಬೇರೆ ಯಾರನ್ನಾದರೂ ಕರಕೋ ಬಜಾರಪ್ಪ. ನಡಿ ಅತ್ತಿ, ಮನಿಗೆ ಹೋಗೋಣು."

ಅತ್ತೆ ಗಡಿಯಾರ ನೋಡಿದಳು. "ಒಂದೂ ಮೂವತ್ತೆರಡು. ರಾಹುಕಾಲ ಹತ್ತೇದ."

"ನಾ ಏನೂ ಕೊಳ್ಳಾಕ ಹತ್ತಿಲ್ಲಲ್ಲ!"

"ಬೇಕು ಅನ್ನೋದೂ ತೀರ್ಮಾನಾನೇ, ಬ್ಯಾಡ ಅನ್ನೋದೂ ತೀರ್ಮಾನಾನೇ. ರಾಹುಕಾಲದಾಗ ಎರಡೂ ಮಾಡಬಾರದು. ಮೂರರ ತನಕ ಕೂಡು."

"ಮೂರರ ತನಕ? ನನ್ನ ಆಫೀಸು?"

"ನಿಮ್ಮಪ್ಪನ ಆಫೀಸಿಗೆ ಓಡಿ ಓಡೇ ಇಷ್ಟು ಆಗೇದ. ಇವತ್ತೊಂದಿನ ನಿನ್ನ ಆಫೀಸು ತಡೀಲಿ."

ನಾನು ಗೊಣಗುತ್ತ ಕೂತೆ. ಶ್ರೀರಾಮುಲು ಮೆಲ್ಲಗೆ ಗೋಧಿ ಬಣ್ಣದ ಗಿಟಾರಿಗೆ ವೈರು ಸಿಕ್ಕಿಸಿ ನನ್ನ ತೊಡೆಯ ಮೇಲಿಟ್ಟ.

"ರಾಹುಕಾಲದಾಗ ಹೊಸದು ಶುರು ಮಾಡಬಾರದಲ್ಲ," ಎಂದೆ, ಬೇಕಂತಲೇ.

"ಹೊಸದು ಯಾವುದದ? ಇಪ್ಪತ್ತು ವರ್ಷದ ಹಳೇ ಪದ," ಎಂದು ಅತ್ತೆ ಮಣೆಯನ್ನು ನನ್ನ ಹತ್ತಿರ ಎಳೆದುಕೊಂಡಳು. ಆಮೇಲೆ, ಮನೆಯಲ್ಲಿ ಬಿಟ್ಟರೆ ಎಲ್ಲಿಯೂ ಹಾಡಲು ಬಾಯಿ ತೆರೆಯದ ನಮ್ಮ ಅತ್ತೆ, ಆದೋನಿಯ ಬಜಾರಿನ ಅಂಗಡಿಯಲ್ಲಿ ಕೂತು ಪಲ್ಲವಿ ಎತ್ತಿದಳು. ಬಜಾರಪ್ಪನ ಎರಡು ಬೆರಳು ಪೆಟ್ಟಿಗೆಯ ಮೇಲೆ ಬಂದವು.

ಮೊದಲ ಸಲ ಎರಡನೆಯ ನುಡಿಯಲ್ಲೇ ನಾನು ಜಾರಿದೆ. ಗಿಟಾರು ಕೂಡಲೇ ಗೊಜ್ಜು ಮಾಡಿ ತೋರಿಸಿತು. ಎರಡನೆಯ ಸಲ ಮೂರನೆಯ ನುಡಿಯವರೆಗೆ ಹೋದೆವು. ಅಲ್ಲಿ ಓಡಿದ್ದು ನಾನಲ್ಲ, ಅತ್ತೆ. ಬಜಾರಪ್ಪ ತಟ್ಟುವುದನ್ನು ನಿಲ್ಲಿಸಿ, ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದ.

"ಹೇಳು, ಹೇಳು," ಎಂದಳು ಅತ್ತೆ. ಆಕೆಯ ಕಣ್ಣಂಚು ಒದ್ದೆಯಾಗಿತ್ತು, ನಗುತ್ತಲೂ ಇದ್ದಳು. "ಅಡಿಗಿ ಅವಸರ ಇಲ್ಲದ ಈ ಪದ ನಾ ಒಂದಿನಾನೂ ಹಾಡಿಲ್ಲಪ್ಪ. ಇದರ ನಡಿಗಿ ಹೆಂಗ ಅದ ಅಂತ ನನಗೇ ಗೊತ್ತಿಲ್ಲ. ಇನ್ನೊಮ್ಮೆ ತಟ್ಟು."

ಮತ್ತೆ ಪಲ್ಲವಿಯಿಂದ. ಒಂದು ಸ್ವರ ಮೀಟುವುದು, ಅದು ನಿಲ್ಲುವುದನ್ನು ಕೇಳುವುದು, ಬೆರಳು ಮುಂದಕ್ಕೆ ಚಿಮ್ಮಿದರೆ ಹಿಡಿದುಕೊಳ್ಳುವುದು. ಇಷ್ಟು ಕಷ್ಟದ ಕೆಲಸವನ್ನು ನಾನು ಜನ್ಮದಲ್ಲಿ ಮಾಡಿರಲಿಲ್ಲ. ಕಾಲು ತಾನೇ ಅದುರುತ್ತಿತ್ತು. ಅತ್ತೆ ತನ್ನ ಎಡಗೈಯನ್ನು ನನ್ನ ಮೊಣಕಾಲಿನ ಮೇಲಿಟ್ಟು ಒತ್ತಿ ಹಿಡಿದಳು, ಬಲಗೈಯಿಂದ ತಾಳ ಹಾಕಿದಳು. ಬಜಾರಪ್ಪ ಮಿಲ್ಲಿಗೆ ತಿರುಗಿ ಹೋಗಬೇಕಾಗಿತ್ತು, ಅವನೂ ಏಳಲಿಲ್ಲ. ಅವನಿಗೆ ಏನಾದರೂ ಹೇಳಬೇಕು ಅನ್ನಿಸಿತು. ಆರು ವರ್ಷ ತೋಳು ನೋಯುವ ಹಾಗೆ ಬಡಿದವನಿಗೆ ಯಾವ ಮಾತು ಹೇಳುವುದೆಂದು ತಿಳಿಯದೆ, "ಕೈ ತೊಳಕೊಂಡಾದರೂ ಬಾರೋ, ಪೆಟ್ಟಿಗಿಗೆಲ್ಲ ಗ್ರೀಸ್ ಹತ್ತೇದ," ಎಂದೆ. ಅವನು "ಹತ್ತಲಿ ಬಿಡು" ಎಂದ.

ನಡುವೆ ಯಾವಾಗಲೋ ಕರೆಂಟು ಮತ್ತೆ ಹೋಯಿತು. ಗಿರಣಿ ನಿಂತಿತು, ರೇಡಿಯೋ ಆರಿತು. ನಾನು ಎದ್ದು ನೋಡಲಿಲ್ಲ.

"ಮೂಡು ಅಯಿಂದಿ ಸಾರ್," ಎಂದ ಶ್ರೀರಾಮುಲು, ಬಹಳ ಹೊತ್ತಿನ ಮೇಲೆ. "ಮೂರೂ ಕಾಲೇ ಆತು. ಯಾವುದು ಕಟ್ಲಿ?"

ಕೆಂಪು ಗಿಟಾರು ಚಾಪೆಯ ಮೇಲೆ ಹೊಳೆಯುತ್ತಿತ್ತು. ಅದನ್ನು ಕೊಂಡರೆ ನಾನು ಓಡುತ್ತಿರುವುದನ್ನು ಅದು ನನಗೆ ಹೇಳುವುದಿಲ್ಲ, ನನ್ನ ಜೊತೆಗೇ ಓಡುತ್ತದೆ. ನನ್ನ ತೊಡೆಯ ಮೇಲಿನದು ಹೇಳಿಬಿಡುತ್ತದೆ, ಆ ಕ್ಷಣವೇ, ಎಲ್ಲರ ಮುಂದೆ. "ಇದನ್ನೇ ಕಟ್ಟು," ಎಂದು ಅತ್ತೆಯ ಕೈಗೆ ಕೊಟ್ಟೆ. ಆಕೆ ಅದನ್ನು ಕೂಸಿನ ಹಾಗೆ ಎತ್ತಿಕೊಂಡು ಒಮ್ಮೆ ಮುಟ್ಟಿ ನೋಡಿ ಶ್ರೀರಾಮುಲುವಿಗೆ ಕೊಟ್ಟಳು.

ಪತ್ತಿಕೊಂಡದ ಮದುವೆಯನ್ನು ಕೃಷ್ಣಮೂರ್ತಿಯವರ ತಮ್ಮ ಟೇಪು ಮಾಡಿದರು. ಅದರ ಒಂದು ಪ್ರತಿ ನಮ್ಮ ಮನೆಯಲ್ಲಿದೆ. ಬರೀ ಗಿಟಾರು ಎಂದಿದ್ದರೂ ನಾನು ಹಟ ಹಿಡಿದು ಬಜಾರಪ್ಪನನ್ನು ಪಕ್ಕದಲ್ಲಿ ಕೂಡಿಸಿಕೊಂಡಿದ್ದೆ, ಕೋಲಿಲ್ಲದೆ, ಎರಡೇ ಬೆರಳಿಗೆ. ನಾಲ್ಕು ನಿಮಿಷದ ಪದ ಐದೂವರೆ ನಿಮಿಷ ಆಯಿತು. ನಾನು ಅದರಲ್ಲಿದ್ದೇನೆ, ಮೊದಲಿನಿಂದ ಕೊನೆಯವರೆಗೆ ಇದ್ದೇನೆ. ಒಂದು ಕಡೆ ಮಾತ್ರ, ಮೂರನೆಯ ನುಡಿಯಲ್ಲಿ, ಎರಡು ಹೆಜ್ಜೆ ಓಡಿ ತಿರುಗಿ ಬಂದಿದ್ದೇನೆ. ಬೇರೆ ಯಾರಿಗೂ ಅದು ತಿಳಿಯುವುದಿಲ್ಲ. ಅತ್ತೆ ಮಾತ್ರ, ಟೇಪು ಹಾಕಿದಾಗಲೆಲ್ಲ ಆ ಜಾಗ ಬಂದಕೂಡಲೇ, ಕೂತಲ್ಲಿಂದ ಅಡಿಗೆಮನೆಯ ಕಡೆ ನೋಡಿ ಏಳಲು ಹೋಗುತ್ತಾಳೆ.